ಪೆನ್ಸಿಲ್ಲಿನಲ್ಲಿ ಬರೆದ ಪಾಳಿ

ಇಪ್ಪತ್ತಮೂರು ಬೀಗದಕೈ ಒಂದೇ ಬಳೆಗೆ ಪೋಣಿಸಿ
ಮೇಟ್ರನ್ ಪೆರ್ಪೆತುವಾ ನನ್ನ ಅಂಗೈಗಿಟ್ಟರು,
ಸೋಮವಾರ, ಏಳಕ್ಕೆ ಐದು ನಿಮಿಷವಿದ್ದಾಗ.
"ಇದು ಔಷಧದ ಬೀರು, ಇದು ಹೊದಿಕೆಯ ಕೋಣೆ,
ಇದು ಮಾರ್ಫೀನಿನದು, ನಿದ್ದೆಯಲ್ಲೂ ಮರೆಯಬೇಡ.
ಇದು ಯಾವ ಬೀಗದ್ದೋ, ಹದಿನೆಂಟು ವರ್ಷ ಹುಡುಕಿದೆ,
ಸಿಗಲಿಲ್ಲ. ಬಿಸಾಡಲು ಮನಸ್ಸೂ ಬರಲಿಲ್ಲ."
ಅಷ್ಟೇ. ಭಾಷಣವಿಲ್ಲ, ಹಾರವಿಲ್ಲ.
ಛತ್ರಿ ಕಂಕುಳಿಗಿಟ್ಟು
ಫೆರಿಯ ಕಡೆ ನಡೆದುಬಿಟ್ಟರು.

ಮ್ವಾಂಜಾದ ಬಂಡೆಗಳ ನಡುವೆ ನಮ್ಮ ಆಸ್ಪತ್ರೆ.
ಕಿಟಕಿಯಾಚೆ ಸರೋವರ, ಕಡಲೆಂದೇ ತಿಳಿದು ಸೊಕ್ಕಿದ್ದು.
ಕಸದ ಗುಂಡಿಯ ಮೇಲೆ ಬೋಳುತಲೆಯ ಮರಬೂ ಕೊಕ್ಕರೆಗಳು
ನಿವೃತ್ತ ಡಾಕ್ಟರುಗಳಂತೆ ಕೈ ಹಿಂದೆ ಕಟ್ಟಿ ನಿಂತಿರುತ್ತವೆ.
ಹದಿನಾರು ವರ್ಷ ಈ ಮಕ್ಕಳ ವಾರ್ಡಿನಲ್ಲಿ
ನನ್ನ ಕೈಗುಣದ ಮಾತಿತ್ತು:
"ನರ ಸಿಗುತ್ತಿಲ್ಲವೆ? ನ್ಯಾಮಿಜಿಯನ್ನು ಕರೆಯಿರಿ."
ಜ್ವರಕ್ಕೆ ಬತ್ತಿಹೋದ ಕೂಸಿನ ಮುಂಗೈ,
ಅದರೊಳಗೆ ನೂಲಿನಂಥ ನೀಲಿ,
ಕಣ್ಣು ಮುಚ್ಚಿ, ಬೆರಳಲ್ಲೇ ಕೇಳಿಸಿಕೊಂಡು
ಸೂಜಿ ಇಳಿಸುತ್ತಿದ್ದೆ.

ಸಂದರ್ಶನದಲ್ಲಿ ಮೂವರಿದ್ದರು, ಒಂದು ಜಗ್ಗು ನೀರು.
"ನಾಯಕತ್ವ ಎಂದರೇನು?"
ಉರುಹೊಡೆದದ್ದನ್ನು ಒಪ್ಪಿಸಿದೆ.
ಹೇಳದೆ ನುಂಗಿಕೊಂಡದ್ದು ಇದು:
ಆ ಇರುಳು ಆಕ್ಸಿಜನ್ ಸಿಲಿಂಡರು ಒಂದು, ಕೂಸುಗಳು ಎರಡು.
ಕೇಳೋಣವೆಂದರೆ ಮೇಲೆ ಯಾರೂ ಇರಲಿಲ್ಲ.
ನಾನೂ ಹೋಲೋವೂ ಒಬ್ಬರ ಮುಖ ಒಬ್ಬರು ನೋಡಿ
ಒಂದೇ ಕೊಳವೆಯನ್ನು ಕವಲೊಡೆಸಿ ಅಂಟುಪಟ್ಟಿ ಸುತ್ತಿದೆವು.
ಬೆಳಗಿನ ತನಕ ಎರಡೂ ಉಸಿರಾಡಿದವು.
ಮಧ್ಯಾಹ್ನದ ಲೆಕ್ಕ ಬೇರೆ.

ಸಂಬಳ ಏರಿದೆ. ಸುಳ್ಳೇಕೆ, ಖುಷಿಯಾಗಿದೆ.
ಅಡುಗೆಮನೆಗೆ ಹೊಸ ತಗಡು ಹೊದಿಸಬಹುದು.
ಆದರೆ ಹೋಲೋ ಈಗ ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾಳೆ,
ಒಂದೇ ಫ್ಲಾಸ್ಕಿನ ಚಹಾ, ಒಂದೇ ಪೊಟ್ಟಣದ ಕಡಲೆಕಾಯಿ ಹಂಚಿಕೊಂಡವಳು.
"ಕೂತ್ಕೊಳ್ಳೇ" ಎಂದೆ.
"ಪರವಾಗಿಲ್ಲ, ಮೇಟ್ರನ್."
ಆ ಒಂದು ಮಾತು ಯಾವ ಸೂಜಿಗಿಂತಲೂ ಸಣ್ಣದು.
ಎಲ್ಲಿ ಚುಚ್ಚಿತೆಂದು ತಿಳಿಯುವಾಗ
ರಾತ್ರಿಯಾಗಿತ್ತು.

ಮೂವತ್ತೊಂದು ಮನೆ, ಹನ್ನೊಂದು ಹೆಸರು.
ಒಬ್ಬಳ ರಜೆಯನ್ನು ಇನ್ನೊಬ್ಬಳ ನಿದ್ದೆಯಿಂದಲೇ ಕತ್ತರಿಸಬೇಕು.
ಬರೆಯುತ್ತೇನೆ, ಅಳಿಸುತ್ತೇನೆ, ಕಾಗದ ಸವೆಯುತ್ತದೆ.
ಕೈಗುಣ ಪೆನ್ಸಿಲ್ಲಿಗೂ ಇಳಿಯುತ್ತದೆಯೆ?

ಗುರುವಾರ. ರಾತ್ರಿ ಎರಡು ದಾಟಿರಬೇಕು, ಕರೆಂಟಿಲ್ಲ.
ಮೇಟ್ರನ್ನಿಗೆ ರಾತ್ರಿಪಾಳಿಯಿಲ್ಲ, ನಿದ್ದೆ ಬಾರದೆ ಬಂದಿದ್ದೆ.
ಹೊಸ ಹುಡುಗಿ ವಿನ್‌ಫ್ರಿದಾ
ಮೂರು ಸಲ ಚುಚ್ಚಿ, ಅಳುವುದೊಂದು ಬಾಕಿಯಿತ್ತು.
ನನ್ನ ಕೈ ತಾನಾಗಿ ಮುಂದೆ ಹೋಯಿತು.
ಹೋದದ್ದನ್ನು ಹಿಂದಕ್ಕೆಳೆದುಕೊಂಡೆ.
ತುಂಬಿದ ಸಿಲಿಂಡರನ್ನು ಮೆಟ್ಟಿಲು ಹತ್ತಿಸಿದ್ದೇನೆ,
ಅದೂ ಇಷ್ಟು ಭಾರವಿರಲಿಲ್ಲ.
ಟಾರ್ಚು ಹಿಡಿದು ಅವಳ ಬೆನ್ನಿಗೆ ನಿಂತೆ:
"ನೋಡಬೇಡ. ಬೆರಳಿಗೆ ಬಿಡು."
ಕೂಸಿನ ತಾಯಿ ನನ್ನನ್ನೇ ನೋಡುತ್ತಿದ್ದಳು,
ಬಲ್ಲವಳು ಸುಮ್ಮನೆ ನಿಂತಿದ್ದಾಳಲ್ಲ ಎಂದು.
ಆ ನೋಟದಲ್ಲಿ ತಪ್ಪಿಲ್ಲ.
ಒಳಗೊಳಗೇ ಎಣಿಸುತ್ತಿದ್ದೆ:
ಇನ್ನೊಂದು ಸಲ, ಒಂದೇ ಒಂದು, ಆಮೇಲೆ ನಾನೇ...
ಸೂಜಿಯ ಬುಡದಲ್ಲಿ
ಕೆಂಪು ಮಿನುಗಿತು.

ವಿನ್‌ಫ್ರಿದಾ ಥ್ಯಾಂಕ್ಸ್ ಹೇಳಲಿಲ್ಲ.
ಹಣೆಯ ಬೆವರು ತೋಳಿಗೆ ಒರೆಸಿಕೊಂಡು,
"ಶನಿವಾರ ರಜೆ ಬೇಕಿತ್ತು, ಮೇಟ್ರನ್,
ಉಕೆರೆವೆಯಲ್ಲಿ ಅಣ್ಣನ ಮದುವೆ" ಎಂದಳು.

ಮೇಜಿಗೆ ಬಂದು ರಬ್ಬರು ಹುಡುಕಿದೆ.
ಶನಿವಾರದ ಮನೆಯಲ್ಲಿ ಒಂದು ಹೆಸರು ಅಳಿಸಿದೆ,
ಇನ್ನೊಂದು ಬರೆಯಬೇಕು.
ಬಾಗಿಲಲ್ಲಿ ಹೋಲೋ ಫ್ಲಾಸ್ಕು ಹಿಡಿದು ನಿಂತಿದ್ದಳು.
ತಂದದ್ದು ಒಂದು ಲೋಟವೋ ಎರಡೋ
ಕತ್ತಲಲ್ಲಿ ಕಾಣಿಸಲಿಲ್ಲ.