ಒತ್ತು, ಹಿಡಿ, ಬಿಡು

ಹನ್ನೊಂದು ತಿಂಗಳಿಂದ ದಸ್ತಗೀರನಿಗೂ ನನಗೂ
ಮೂರೇ ಮಾತು.
ಒತ್ತು. ಹಿಡಿ. ಬಿಡು.
ಅವನು ಗಾಡಿಯ ಕೆಳಗೆ, ನಾನು ಸೀಟಿನ ಮೇಲೆ,
ನಡುವೆ ತಗಡು, ತಗಡಿಗೊಂದು ತುಕ್ಕಿನ ತೂತು,
ದನಿ ಬರಲಿಕ್ಕೆ ಅಷ್ಟು ಸಾಕು.

ಸಿರುಗುಪ್ಪದಲ್ಲಿ ಮಾರ್ಚಿಗೇ ಸ್ಪ್ಯಾನರು ಸುಡುತ್ತದೆ.
ರೈಸ್ ಮಿಲ್ಲಿನ ಹೊಟ್ಟು ಹಾರಿಬಂದು
ಗ್ರೀಸಿನ ಡಬ್ಬಿಗೆ, ಚಹಾದ ಲೋಟಕ್ಕೆ, ರೆಪ್ಪೆಗೆ ಕೂರುತ್ತದೆ.
ಬ್ರೇಕಿನ ಎಣ್ಣೆಗೆ ಮಾತ್ರ ಒಂದು ಕಣವೂ ಕೂಡದು.
ಮುಚ್ಚಳ ತೆರೆದಿಟ್ಟರೆ ಅದು ಮಳೆಯಿಲ್ಲದ ಊರಲ್ಲೂ
ಎಲ್ಲಿಂದಲೋ ನೀರು ಹುಡುಕಿ ಕುಡಿಯುತ್ತದೆ.
ಹಾಗಂತ ಹೇಳಿಕೊಟ್ಟವನು ಅವನೇ,
ಇಬ್ಬರೂ ಕೂಡಿ ಬೋರ್ಡು ಬರೆಸಿದ ವರ್ಷ:
ಹೊನ್ನೂರಪ್ಪ ಅಂಡ್ ದಸ್ತಗೀರ್, ಎಲ್ಲಾ ತರದ ಕಾರು ರಿಪೇರಿ.

ಜಗಳವಾದದ್ದು ಕಂಪ್ರೆಸರಿನ ನಾಲ್ಕು ಸಾವಿರಕ್ಕೆ.
ನಾನು ತಿಂದೆ ಅಂತ ಅವನು ಅಂದನಂತೆ.
ಅಂದನಂತೆ ಅಂತ ಟೈರಿನಂಗಡಿ ವೀರೇಶ ಅಂದ.
ಗಾಳಿ ತುಂಬುವುದೇ ಅವನ ಕಸುಬು.
ಮಾತು ಬಿಟ್ಟೆವು. ಅಂಗಡಿ ಬಿಡಲಿಲ್ಲ.
ಬೆಳಿಗ್ಗೆ ಶಟರಿನ ಎಡಬೀಗ ಅವನು, ಬಲಬೀಗ ನಾನು.
ಕ್ಲಚ್ಚು, ಡೈನಮೊ, ಸೈಲೆನ್ಸರಿನ ತೇಪೆ
ಒಬ್ಬೊಬ್ಬರೇ ಮಾಡಿಕೊಂಡೆವು.
ಇದೊಂದಕ್ಕೆ ಇಬ್ಬರು ಬೇಕು.
ಪೆಡಲು ಒತ್ತುವವನ ಕೈ ನಿಪ್ಪಲ್ಲಿನ ತನಕ ಚಾಚದು.

ಇವತ್ತು ಬಂದದ್ದು ಶಾಲೆ ಮಕ್ಕಳ ಓಮ್ನಿ.
ತೆಕ್ಕಲಕೋಟೆ ರಸ್ತೆಯ ಕಾಲುವೆ ಸೇತುವೆ ಹತ್ತಿರ
ಪೆಡಲು ನೆಲ ಕಂಡಿತು, ಗಾಡಿ ನಿಲ್ಲಲಿಲ್ಲ,
ಗೇರಲ್ಲಿ ಹಿಡಿದು ಭತ್ತದ ಗದ್ದೆಗೆ ಇಳಿಸಿದೆ
ಅನ್ನುವಾಗ ಡ್ರೈವರ್ ಹುಲುಗಪ್ಪ
ಒಂದು ಬೀಡಿಗೆ ಮೂರು ಕಡ್ಡಿ ಕೆಡಿಸಿದ.
ಹದಿಮೂರು ಮಕ್ಕಳು.
ಹಿಂದಿನ ಸೀಟಲ್ಲಿ ಇನ್ನೂ ಒಂದು ನೀರಿನ ಬಾಟ್ಲಿ,
ಒಂದೇ ಕಾಲಿನ ಸಾಕ್ಸು.

ಮಾಸ್ಟರ್ ಸಿಲಿಂಡರಿಗೆ ದೂರದ್ದು ಮೊದಲು: ಹಿಂದಿನ ಎಡಗಾಲಿ.
ಒತ್ತು. ಒತ್ತಿದೆ, ಸ್ಪಂಜು ತುಳಿದ ಹಾಗೆ.
ಹಿಡಿ. ಹಿಡಿದೆ. ಅವನು ನಿಪ್ಪಲ್ಲು ಸಡಿಲಿಸಿದ,
ಪಾದದಡಿ ಏನೋ ಕುಸಿಯಿತು,
ಬಾಟ್ಲಿಯಲ್ಲಿ ಮುಳುಗಿದ ಪೈಪು ಗುಳುಗುಳು ಅಂದಿತು.
ಅವನು ಬಿಗಿಮಾಡುವ ತನಕ ಕಾಲೆತ್ತಕೂಡದು,
ಎತ್ತಿದರೆ ಹೊರಗಿನ ಗಾಳಿ ಅದೇ ದಾರಿಯಲ್ಲಿ ಒಳಗೆ.
ಬಿಡು.
ಎಣ್ಣೆ ಕುಗ್ಗುವುದಿಲ್ಲ,
ಕಾಲು ಹೇಳಿದ್ದನ್ನು ಹಾಗೇ ಗಾಲಿಗೆ ಹೇಳುತ್ತದೆ.
ಗಾಳಿ ಹೂಂ ಅನ್ನುತ್ತದೆ, ಮುದುರುತ್ತದೆ, ಸುಮ್ಮನೆ ಕೂರುತ್ತದೆ.

ಮೂರನೆಯ ಗಾಲಿಗೆ ಬರುವಾಗ
ಚಹಾ ಬಣ್ಣದ ಹಳೇದು ಮುಗಿದು ಹೊಸದು ಬಂತು.
ತೂತಿನಲ್ಲಿ ಅವನ ನೆತ್ತಿಯ ಬಿಳಿಗೂದಲು ಕಾಣುತ್ತಿತ್ತು.
ಹಿಡಿ, ಅಂದ. ಹಿಡಿದೆ.
ಬಿಡು ಅನ್ನಲಿಲ್ಲ.
ನಿಪ್ಪಲ್ಲಿನ ಮೂಲೆ ಸವೆದು ಸ್ಪ್ಯಾನರು ಜಾರುತ್ತಿರಬೇಕು.
ನನ್ನ ಬಲಮೊಣಕಾಲು ನಡುಗತೊಡಗಿತು.
ದೀಪಾವಳಿ ಮುಂದೆ ಬಳ್ಳಾರಿಯಲ್ಲಿ ರಾಡು ಹಾಕಿಸಿಕೊಂಡ ಕಾಲು.
ಆಗ ಅವನು ನೋಡಲು ಬರಲಿಲ್ಲ.
ಯಾರೋ ಕೊಟ್ಟರು ಅಂತ ಹುಲುಗಪ್ಪ
ಬ್ರೆಡ್ಡು, ಮೋಸಂಬಿ ಇಟ್ಟು ಹೋಗಿದ್ದ.

ತೂತಿನಿಂದ ನಾಲ್ಕನೆಯ ಮಾತು ಬಂತು:
ಕಾಲು ನೋಯ್ತೈತೇನಲೇ?

ಇಲ್ಲ, ಅಂದೆ.
ಆಮೇಲೆ ಬಿಡು ಅಂದ, ಒತ್ತು ಅಂದ, ಮತ್ತೆ ಬಿಡು.
ಎಷ್ಟು ಸಲವೋ. ಒತ್ತುತ್ತಲೇ ಇದ್ದೆ.
ಎಣ್ಣೆಯ ಬಟ್ಟಲು ನೋಡುವುದು ನನ್ನ ಪಾಲಿನ ಕೆಲಸ,
ನೋಡಲಿಲ್ಲ.
ಪೆಡಲು ಒಮ್ಮೆಲೇ ಹಗುರಾಯಿತು.
ಬಟ್ಟಲು ಖಾಲಿ. ತಳದಲ್ಲಿ ಒಂದು ಹೊಟ್ಟಿನ ಕಣ.
ಮಧ್ಯಾಹ್ನವಿಡೀ ತೆಗೆದ ಗಾಳಿಯೆಲ್ಲ ವಾಪಸು.

ದಸ್ತಗೀರ ತೆವಳಿ ಹೊರಬಂದ.
ಬಟ್ಟಲು ನೋಡಿದ, ನನ್ನ ಮುಖ ನೋಡಿದ.
ಬೈಯಲಿ ಅಂತ ಕಾದೆ.
ಮೀಸೆಗೆ ಅಂಟಿದ ಎಣ್ಣೆ ಒರೆಸಿಕೊಂಡು
ಗೋಣಿಚೀಲ ಎಳೆದು ಮತ್ತೆ ಕೆಳಗೆ ಹೋದ.

ಬಟ್ಟಲು ತೊಳೆದೆ, ಹೊಸ ಡಬ್ಬಿ ಒಡೆದೆ.
ನಾಲ್ಕು ಸಾವಿರದ ಲೆಕ್ಕ ಹಾಗೇ ಇದೆ.
ಬಿಸಿಲು ಇಳಿಯಲು ಇನ್ನೂ ಎರಡು ತಾಸು.
ಹುಲುಗಪ್ಪ ಚಹಾ ತರಲು ಹೋದ, ಎರಡೋ ಮೂರೋ ಕೇಳಲಿಲ್ಲ.
ಮೊದಲಿಂದ. ಹಿಂದಿನ ಎಡಗಾಲಿ.
ಎಡಗಾಲಲ್ಲಿ ಒತ್ತು, ಅಂದ.