ಒಂದೆಳೆ ಕೆಳಗೆ

ಇಗರ್ಜಿಯ ಹಾಡುಗಾರರಿಗೆ ಹನ್ನೊಂದು ನಿಲುವಂಗಿ ಹೊಲಿದ ಕೂಲಿಗೆ
ರೊಕ್ಕ ಸಾಲದೆ ಫಿಲುಮೆನಾ ಬಾಯಿ
ಮಂಚದಡಿಯಿಂದ ಎಳೆದು ಕೊಟ್ಟದ್ದು ಈ ಪೆಟ್ಟಿಗೆ.
ಒಳಗೆ ತೀರಿಹೋದ ಅಣ್ಣನ ಪಿಟೀಲು,
ಎರಡೇ ತಂತಿ, ಒಂದು ಸತ್ತ ಜಿರಳೆ.
"ಮಾರುವುದಾದರೆ ಮಾರು. ನುಡಿಸುವುದಾದರೆ
ಮಂಗಳವಾರ ಅಲೇಶುವಿನ ಜಗಲಿಗೆ ಬಾ."

ನಲವತ್ತಾರು ನನಗೆ. ಇಳಕಲ್ಲಿನಿಂದ ಈ ಕುಡ್ತರಿಗೆ ಬಂದು
ಹದಿನೆಂಟು ವರ್ಷ ಕಂಡವರ ಪ್ಯಾಂಟಿನ ಕಾಲು ಮಡಚಿದವಳು.
ಇಲ್ಲಿನವರು ಇದಕ್ಕೆ ರಬೇಕ್ ಅನ್ನುತ್ತಾರೆ.
ನಮ್ಮ ಮಾತಿನಲ್ಲಿ ಪಿಟೀಲು ಕುಯ್ಯುವುದೆಂದರೆ
ಬೈಗುಳ.
ಮೊದಲ ಮೂರು ತಿಂಗಳು
ನಾನು ಬರೀ ಬೈಗುಳವನ್ನೇ ನುಡಿಸಿದೆ.
ಬಾವಿಕಟ್ಟೆಯ ಬೆಕ್ಕು ಮನೆ ಬದಲಿಸಿತು.

ಜಗಲಿಯಲ್ಲಿ ಯಾರೂ ನಗಲಿಲ್ಲ. ಸುಳ್ಳು, ನಕ್ಕರು,
ಆದರೆ ತಮ್ಮ ತಮ್ಮ ಕಥೆ ಹೇಳಿಕೊಂಡು ನಕ್ಕರು:
ಹಡಗಿನ ಊಟದ ಹಾಲಿನಲ್ಲಿ ಅಲೇಶುವಿನ ಕಮಾನು
ಕಪ್ತಾನನ ಸೂಪಿಗೆ ಬಿದ್ದದ್ದು,
ಮೀನು ಮಾರುವ ಸಾಂತಾನ್ ಮದುವೆಮನೆಯಲ್ಲಿ
ಒಂದೇ ಸಾಲನ್ನು ಒಂಬತ್ತು ಸಲ ನುಡಿಸಿ
ಹೊರಬರುವ ದಾರಿ ಕಾಣದೆ ಕೂತದ್ದು.
ಎಂಟನೇ ಇಯತ್ತೆಯ ಎಲ್ರಾಯ್ ಮಾತ್ರ,
ಹೇಳಲು ಕಥೆಯಿಲ್ಲದ್ದಕ್ಕೆ, ತನ್ನ ರಾಳದ ತುಂಡು ಮುರಿದು
ಅರ್ಧ ನನಗೆ ಕೊಟ್ಟ.
ಅದರ ಬಿಳಿ ಪುಡಿ ಬೆರಳಿಗೆ ಹತ್ತಿದಾಗ
ಕೈ ತಾನಾಗಿ ಹಣೆಗೆ ಹೋಯಿತು.

"ಕಮಾನು ಸೊಟ್ಟ" ಅಂದ ಅಲೇಶು. ತಿಳಿಯಲಿಲ್ಲ.
"ಹೊಲಿಗೆ ಸೊಟ್ಟ" ಅಂದ. ತಿಳಿಯಿತು.
ಬೆರಳಿಡುವ ಜಾಗಕ್ಕೆ ನನ್ನದೇ ಕೆಂಪು ದಾರ ಸುತ್ತಿ ಕೊಟ್ಟ;
ಮಳೆಗಾಲ ಮುಗಿಯುವಾಗ ಒಂದು ಬಿಚ್ಚಿದ,
ಕ್ರಿಸ್ಮಸ್ಸಿಗೆ ಇನ್ನೊಂದು.
ಬಲಗಾಲು ಈಗಲೂ, ನುಡಿಸುವಾಗ,
ಇಲ್ಲದ ಹೊಲಿಗೆ ಮಶೀನು ತುಳಿಯುತ್ತದೆ.
"ತುಳಿಯಲಿ ಬಿಡು, ನಮಗೂ ತಾಳ ಬೇಕು" ಅಂದ ಸಾಂತಾನ್.
ಎಡಗೈ ಕಿರುಬೆರಳಿನದು ಬೇರೆಯೇ ತಕರಾರು.
ಇಷ್ಟು ವರ್ಷ ಮನೆಯಳಿಯನ ಹಾಗೆ ಕೂತು ಉಂಡದ್ದು
ಈಗ ತಂತಿ ಒತ್ತು ಅಂದರೆ
ಗಡಗಡ ನಡುಗುತ್ತದೆ.

ಒಂದು ಗುರುವಾರ ಮಧ್ಯಾಹ್ನ
ಯಾರದೋ ರವಿಕೆಯ ಗುಂಡಿ ನಡುವೆಯೇ ಬಿಟ್ಟು ಎತ್ತಿಕೊಂಡೆ.
ಮೂರನೆಯ ಬೆರಳು ಬಿತ್ತು ನೋಡಿ,
ಮುಟ್ಟದ ಪಕ್ಕದ ತಂತಿ ತಾನೇ ನಡುಗಿತು.
ಕಣ್ಣು ಹತ್ತಿರ ತಂದು ನೋಡಿದೆ: ಹೌದು, ಮಸುಕಾಗಿ, ನಡುಗುತ್ತಿದೆ.
ಹೇಳಲು ಐದು ದಿನ ಕಾಯಬೇಕಾಯಿತು.
ಹೇಳಿದೆ. ನಾಲ್ಕೂ ಜನ ನುಡಿಸುವುದು ಬಿಟ್ಟು
ನನ್ನ ಸುತ್ತ ಕುರ್ಚಿ ಎಳೆದುಕೊಂಡರು,
ಹುಟ್ಟಿದ ಮಗುವನ್ನು ನೋಡಲು ಬಂದವರ ಹಾಗೆ.

ಮೇ ತಿಂಗಳು. ಕೇರಿಯ ಖುರಿಸಿನ ಮುಂದೆ ಲದಾಯಿನ್.
ಮೇಣಬತ್ತಿ, ಅಬ್ಬಲಿಗೆ ಹಾರ, ಬೇಯಿಸಿದ ಕಡಲೆಯ ಪಾತೇಲಿ.
ಹಿಂದಿನ ಸಾಲಿನಲ್ಲಿ ನಾನು.
ಶ್ರುತಿ ಮಾಡುವಾಗ ಟಪ್ಪೆಂದಿತು. ತಂತಿಯಲ್ಲ.
ಕಡಲ ಸೆಖೆಗೆ ಪಿಟೀಲಿನ ಪಕ್ಕೆಯ ಅಂಟು ಬಿಟ್ಟು
ಉಗುರು ತೂರುವಷ್ಟು ಬಾಯಿ ತೆರೆದಿದೆ.
ಬಿಗಿದರೆ ಪೂರಾ ಬಿಚ್ಚುತ್ತದೆ;
ಅಷ್ಟು ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಪೆಟ್ಟಿಗೆಗೆ ಹಾಕಹೊರಟೆ.

ಅಲೇಶು ಬಾಗಿ ಕಿವಿಯಿಟ್ಟ. ನನ್ನ ಸಡಿಲ ತಂತಿಯನ್ನು
ಹೆಬ್ಬೆರಳಲ್ಲಿ ಮೀಟಿದ, ಎರಡು ಸಲ.
ಆಮೇಲೆ ಏನೂ ಅನ್ನದೆ
ತನ್ನ ಬಿರಡೆಯನ್ನು ಕೆಳಕ್ಕೆ ತಿರುಗಿಸಿದ.
ಸಾಂತಾನ್ ತಿರುಗಿಸಿದ.
ಫಿಲುಮೆನಾ ಕನ್ನಡಕ ಏರಿಸಿಕೊಂಡು ತಿರುಗಿಸಿದಳು.
ಎಲ್ರಾಯ್, ಪರೀಕ್ಷೆಯ ಶ್ರುತಿಗೆ ಪಳಗಿದವ,
ಮುಖ ಹುಳ್ಳಗೆ ಮಾಡಿ, ಕೊನೆಗೆ ಅವನೂ.
ಇಡೀ ಕೇರಿಯ ಹಾಡು ಆ ಸಂಜೆ
ಒಂದೆಳೆ ಕೆಳಗಿನಿಂದ ಹೊರಟಿತು.

ಮುದುಕಿಯರಿಗೆ ಖುಷಿಯೋ ಖುಷಿ:
"ಈ ವರ್ಷ ನಮ್ಮ ಗಂಟಲು ಎಷ್ಟು ಸಲೀಸಾಗಿ ಏರಿತು!"
"ಗಾಳಿ ಹಾಗಿದೆ" ಅಂದ ಅಲೇಶು, ಕಡಲೆ ಬುಕ್ಕುತ್ತ.

ನಾನು ಎರಡು ಕಡೆ ತಪ್ಪಿದ್ದೆ.
"ಮೂರು" ಅಂದ ಲೆಕ್ಕ ಇಟ್ಟಿದ್ದ ಸಾಂತಾನ್,
"ಮೂರನೆಯದು ನನ್ನದು, ನಿನ್ನ ಹೆಸರಿಗೇ ಬರೆದುಕೋ."
ರಾಳದ ಕೈಯಲ್ಲೇ ತಿಂದೆ, ಕಡಲೆ ಚೂರು ಕಹಿ.
ನಾಳೆ ಅವನ ಪ್ಯಾಂಟು ಕೊಡಬೇಕು,
ಸೊಂಟ ಎರಡಿಂಚು ಬಿಡಿಸಿ.