ಪರಸಿ ಮೇಲೊಂದು ಗುಡಿ

ಹಾಳೆ ಮುಗಿದಿತ್ತು. ಬೆಳಗಾದರೆ ಟೆಸ್ಟು.
ಸೀಮೆಸುಣ್ಣ ತಗೊಂಡು ನೆಲದ ಮೇಲೇ ಬರೆದೆ:
ಮುಂದೆ ಆರು ಕಂಬ, ಬದಿಗೆ ಹದಿನೈದು,
ಒಳಗೊಂದು ಉದ್ದನೆಯ ಕತ್ತಲ ಕೋಣೆ.
ಶಹಾಬಾದಿನ ಪರಸಿಗೆ ಸುಣ್ಣ ಚೆನ್ನಾಗಿ ಕಚ್ಚುತ್ತದೆ.

ಸೆಲಿನಸ್. ಸಿಸಿಲಿಯ ದಂಡೆ.
ಗ್ರೀಕರ ವಸಾಹತು, ಎಂದು ಗಟ್ಟಿಯಾಗಿ ಓದಿದೆ.
"ವಸಾಹತು ಅಂದ್ರೇನು?" ರೊಟ್ಟಿ ಬಡಿಯುತ್ತ ಅವ್ವ.
"ಕಾಲೊನಿ."
"ಹಂಗನ್ನು ಮತ್ತ. ನಮ್ಮ ವಡ್ಡರ ಕಾಲೊನಿ ಇದ್ದಂಗ."
ನಗಬೇಕೆಂದು ಬಾಯಿ ತೆರೆದವಳು
ಅರ್ಧಕ್ಕೇ ನಿಲ್ಲಿಸಿದೆ.

ತಾಯೂರಿನ ಒಲೆಯಿಂದ ಕೆಂಡ ಒಯ್ಯುತ್ತಿದ್ದರಂತೆ ಹಡಗಿನಲ್ಲಿ,
ಹೊಸ ಊರಲ್ಲೂ ಅದೇ ಬೆಂಕಿ ಉರಿಯಲೆಂದು.
ಅವ್ವ ಮಾಡದ ಕಡೆ ನೋಡಿದಳು:
ಅಜ್ಜಿ ಸೆರಗಲ್ಲಿ ಕಟ್ಟಿಕೊಂಡು ಬಂದ ದುರಗವ್ವ,
ಮುಷ್ಟಿಯಷ್ಟು ಕಲ್ಲು, ಭಂಡಾರದಲ್ಲಿ ಕಣ್ಣು ಮೂಗು ಮುಚ್ಚಿಹೋಗಿ
ಮೊಬೈಲ್ ಚಾರ್ಜರಿನ ಪಕ್ಕ ಕೂತಿದ್ದಾಳೆ.
ಅಜ್ಜಿ ಹೇಳುತ್ತಿದ್ದ ಊರು
ಯಾವ ಬಸ್ಸಿನ ಬೋರ್ಡಿನಲ್ಲೂ ನಮಗಿನ್ನೂ ಸಿಕ್ಕಿಲ್ಲ.

ಆ ಊರಿನ ಹೆಸರು ಒಂದು ಸೊಪ್ಪಿನದು, ಅಂದೆ.
ನಾಣ್ಯದ ಮೇಲೂ ಅದೇ ಎಲೆ.
"ರೊಕ್ಕದ ಮ್ಯಾಲ ಪುಂಡಿಪಲ್ಯ!"
ಅವ್ವನಿಗೆ ನಗು ತಡೆಯಲಾಗಲಿಲ್ಲ,
ಹಂಚಿನ ಮೇಲಿನ ರೊಟ್ಟಿ ಕರ್ರಗಾಯಿತು.

ಅಪ್ಪ ಬಂದ. ರೆಪ್ಪೆಯ ಮೇಲೂ ಖಣಿಯ ಬೂದು ಧೂಳು.
ಗೆರೆ ಕಾಣದೆ ನೇರ ಗರ್ಭಗುಡಿಗೆ ನಡೆದು
ಅಲ್ಲೇ ಕಾಲು ಮಡಚಿ ಕೂತ, ತಾಟು ಎಳೆದುಕೊಂಡ.
"ಯಪ್ಪಾ, ಅಲ್ಲಿ ದೇವರು ಕುಂದ್ರೋದು."
ಏಳಲಿಲ್ಲ. "ಜನ ಎಲ್ಲಿ ಕುಂದ್ರತಾರ?"
"ಹೊರಗ. ಬಲಿ ಕೊಡೋ ಕಟ್ಟಿ ಬಯಲಾಗ, ಮೂಡಣ ದಿಕ್ಕಿಗೆ."
"ಹೊರಗ ನಿಂದ್ರೋದು ನಮಗೇನು ಹೊಸಾದಲ್ಲ."
"ಅಲ್ಲಪ್ಪ, ಎಲ್ಲಾರೂ ಹೊರಗೇ."
ತುತ್ತು ಅಲ್ಲೇ ನಿಂತಿತು. "ಎಲ್ಲಾರೂ?"
"ಹ್ಞೂಂ."
"ಗೌಡರೂ?"
"ಗೌಡರೂ."
ಅವನು ನಕ್ಕ ನಗೆಗೆ ಪಕ್ಕದ ಮನೆಯ ಮಾಪಣ್ಣ ಬಾಗಿಲಿಗೆ ಬಂದ.
ಅವನಿಗೂ ಹೇಳಬೇಕಾಯಿತು. ಅವನು ನಂಬಲಿಲ್ಲ.
ಮುಂದಿನ ಪುಟದಲ್ಲಿ ಗುಲಾಮರಿದ್ದರು.
ಆ ಹೊತ್ತಿಗೆ ನಾನು ಪುಟ ತಿರುವಲಿಲ್ಲ.

ಆಮೇಲೆ ಕಂಬಗಳನ್ನು ಬೆರಳಲ್ಲಿ ಎಣಿಸಿದ.
"ನಮ್ಮ ಕಲ್ಲಿಗೆ ಇದು ಆಗಂಗಿಲ್ಲ, ಮಗಳ.
ನಮ್ದು ಪದರು ಪದರು ಏಳೋ ಕಲ್ಲು.
ಮಲಗೋ ಕಲ್ಲು. ನಿಂದ್ರೋ ಕಲ್ಲಲ್ಲ."
ಅಂಗೈಯಿಂದ ನೆಲ ಸವರಿದ,
ಎತ್ತಿನ ಬೆನ್ನು ಸವರುವ ಹಾಗೆ.

ಅವರ ಖಣಿಯ ಚಿತ್ರ ತೋರಿಸಿದೆ. ಊರಿಂದ ಎರಡು ಹರದಾರಿ.
ಬಂಡೆಯಿಂದ ಅರ್ಧ ಬಿಡಿಸಿದ ಕಂಬದ ಗಾಲಿಗಳು,
ಸುತ್ತ ಒಬ್ಬನೇ ಇಳಿಯುವಷ್ಟು ಸಂದು,
ಬುಡ ಇನ್ನೂ ಭೂಮಿಯಲ್ಲೇ.
ಯುದ್ಧ ಬಂತು. ಕೆಲಸದವರು ಎದ್ದು ಹೋದರು.
ಎರಡು ಸಾವಿರದ ನಾನೂರು ವರ್ಷ
ಹಾಗೇ ಇವೆ.

ಅಪ್ಪ ಪುಸ್ತಕವನ್ನು ದೂರ ಹಿಡಿದು
ಬಹಳ ಹೊತ್ತು ಆ ಸಂದನ್ನೇ ನೋಡಿದ.
"ಇಲ್ಲಿ ನೋಡು. ಎಡಗೈಯವ ಹೊಡದಾನ."
ಸ್ವಲ್ಪ ತಡೆದು,
"ಆ ವಾರದ ಪಗಾರ ಕೊಟ್ಟಿದ್ರೇನು?"

ಪುಸ್ತಕದಲ್ಲಿ ಇರಲಿಲ್ಲ.

ಕೈ ತೊಳೆದು ಬಂದು ಸೀಮೆಸುಣ್ಣ ಕೇಳಿದ.
ಗುಡಿಯ ಮೂಲೆಯಿಂದ ಹೊರಕ್ಕೆ ಒಂದು ಗೆರೆ, ಓರೆಯಾಗಿ:
"ನೀರು ಹೋಗ್ಲಾಕ ದಾರೀನೇ ಬಿಟ್ಟಿಲ್ಲ ನೀನು.
ದೇವರ ಮನಿ ಇರಲಿ, ದನದ ಮನಿ ಇರಲಿ,
ಢಾಳ ಬೇಕು."

ಬೆಳಿಗ್ಗೆ ಅವ್ವ ನೆಲ ಒರೆಸಿದ್ದಳು,
ಟ್ರಂಕಿನ ಅಡಿಗೆ ಹೊಕ್ಕಿದ್ದ ಎರಡು ಕಂಬ ಬಿಟ್ಟು.

ಟೆಸ್ಟಿನಲ್ಲಿ ಆ ಓರೆ ಗೆರೆಯನ್ನೂ ಎಳೆದೆ.
ಹತ್ತಕ್ಕೆ ಆರು ಬಂತು,
ಗೆರೆಯ ಪಕ್ಕ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ.
ಅಪ್ಪನಿಗೆ ತೋರಿಸಿದೆ.
"ಕುಡಗೋಲಿದ್ದಂಗ ಅದಲ್ಲ, ಏನಿದು?"
"ಅವರಿಗೆ ಗೊತ್ತಾಗಿಲ್ಲಪ್ಪ," ಅಂದೆ,
"ನೀರು ಎಲ್ಲಿಂದ ಹೋಗತದಂತ."